ರೇಸ್‌ಗೆ ಮುಂಚಿನ ಪ್ರಾಕ್ಟೀಸ್ ಸೆಷನ್: ಲ್ಯಾಪ್ ಟೈಮ್ ಹಿಂದೆ ಓಡದೆ ಕೆಲಸ ಮುಗಿಸುವುದು ಹೇಗೆ

ಬೆಂಗಳೂರಿನಿಂದ ಟ್ರೇಲರ್‌ಗೆ ಗಾಡಿ ಹತ್ತಿಸಿಕೊಂಡು ಶ್ರೀಪೆರುಂಬುದೂರು ಹತ್ತಿರದ ಮದ್ರಾಸ್ ಸರ್ಕ್ಯೂಟ್‌ಗೋ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಹೋಗುವ ಸಣ್ಣ ತಂಡಗಳು ಒಂದೇ ತಪ್ಪನ್ನು ಮತ್ತೆ ಮತ್ತೆ ಮಾಡುತ್ತಿವೆ. ಪ್ರಾಕ್ಟೀಸ್‌ನಲ್ಲಿ ಮೂರನೇ ಸ್ಥಾನ, ರೇಸ್‌ನಲ್ಲಿ ಹನ್ನೊಂದು. ಕೇಳಿದರೆ "ಟೈರ್ ಹೋಯ್ತು", "ಬ್ರೇಕ್ ಹೋಯ್ತು", "ಗಾಡಿ ಯಾಕೋ ಸರಿ ಇರಲಿಲ್ಲ". ಈ ಮೂರೂ ಪ್ರಾಕ್ಟೀಸ್‌ನಲ್ಲೇ ಗೊತ್ತಾಗಬೇಕಿತ್ತು. ಗೊತ್ತಾಗಲಿಲ್ಲ, ಯಾಕೆಂದರೆ ಇಡೀ ಸೆಷನ್ ಒಂದು ಒಳ್ಳೆ ಲ್ಯಾಪ್ (ಟ್ರ್ಯಾಕ್‌ನ ಒಂದು ಸುತ್ತು) ಹೊಡೆಯುವುದಕ್ಕೇ ಖರ್ಚಾಗಿ ಹೋಯಿತು.

ಒಂದು ಗಾಡಿ, ಒಬ್ಬ ಡ್ರೈವರ್, ಒಬ್ಬ ಮೆಕ್ಯಾನಿಕ್, ನೋಟ್‌ಬುಕ್ ಹಿಡಿದ ಇನ್ನೊಬ್ಬ. ಇಷ್ಟು ಜನ ಇರುವ ತಂಡಕ್ಕೆ ಇದನ್ನು ಬರೆದಿದ್ದೇನೆ. ನಾನು ಆ ನೋಟ್‌ಬುಕ್ ಹಿಡಿದವನು. 20 ನಿಮಿಷದ ಎರಡು ಸೆಷನ್ ಸಿಗುತ್ತವೆ, ಒಂದು ಲ್ಯಾಪ್‌ಗೆ ಸುಮಾರು ಎರಡು ನಿಮಿಷ ಬೇಕು ಅಂತ ಲೆಕ್ಕ ಹಿಡಿದಿದ್ದೇನೆ. ನಿಮಗೆ ಸಿಗುವ ಸಮಯ ಬೇರೆ ಇದ್ದರೆ ಲ್ಯಾಪ್ ಸಂಖ್ಯೆ ಬದಲಾಯಿಸಿ. ಕ್ರಮ ಮಾತ್ರ ಬದಲಾಯಿಸಬೇಡಿ.

## ಜೊತೆಗೆ ಏನೇನು ಬೇಕು

ಮೊದಲು ಒಂದು ಒಳ್ಳೆಯ ಗಾಳಿ ಗೇಜ್. ಪೆಟ್ರೋಲ್ ಬಂಕ್‌ನವರ ಗೇಜ್ ನಂಬಬೇಡಿ. ಇಡೀ ವಾರಾಂತ್ಯಕ್ಕೆ ಒಂದೇ ಗೇಜ್ ಇರಲಿ. ಪಕ್ಕದ ತಂಡದ ಗೇಜ್‌ನಲ್ಲಿ 27 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತೋರಿಸಿದ್ದು ನಿಮ್ಮದರಲ್ಲಿ 26 ಇರಬಹುದು. ಗೇಜ್ ತಪ್ಪು ತೋರಿಸಿದರೂ ಪರವಾಗಿಲ್ಲ, ಪ್ರತಿ ಸಲ ಅಷ್ಟೇ ತಪ್ಪು ತೋರಿಸಿದರೆ ಸಾಕು.

ಆಮೇಲೆ ಟಾರ್ಕ್ ರೆಂಚ್, ಜ್ಯಾಕ್, ಆಕ್ಸಲ್ ಸ್ಟ್ಯಾಂಡ್, ಬ್ರೇಕ್ ಆಯಿಲ್, ಪೇಂಟ್ ಮಾರ್ಕರ್, ಅಳತೆ ಗೆರೆ ಇರುವ ಪೆಟ್ರೋಲ್ ಕ್ಯಾನ್, ಸ್ಟಾಪ್‌ವಾಚ್, ಬಿಳಿ ಶೂ ಪಾಲಿಶ್. ಶೂ ಪಾಲಿಶ್ ಯಾಕೆ ಅಂತ ಮುಂದೆ ಹೇಳುತ್ತೇನೆ. ಬೇಕಾದ ಬೋಲ್ಟ್, ಹೋಸ್ ಕ್ಲಿಪ್, ಬ್ರೇಕ್ ಪ್ಯಾಡ್ ಎಲ್ಲ ಹೊರಡುವ ಮುಂಚೆ ಬೆಂಗಳೂರಿನಲ್ಲಿ ಗಾಡಿ ಬಿಡಿಭಾಗ ಸಿಗುವ ಜೆಸಿ ರೋಡ್‌ನಲ್ಲೇ ತೆಗೆದುಕೊಂಡುಬಿಡಿ. ಟ್ರ್ಯಾಕ್ ಹತ್ತಿರ ಸಿಗುತ್ತೆ ಅಂದುಕೊಂಡರೆ ಶನಿವಾರ ಮಧ್ಯಾಹ್ನ ಪೂರ್ತಿ ಆಟೋದಲ್ಲೇ ಕಳೆಯುತ್ತದೆ.

ಟೈರ್ ಬಿಸಿ ಅಳೆಯುವ ಸಾಧನ ಕೊಳ್ಳಲು ದುಡ್ಡಿದ್ದರೆ ಸೂಜಿ ಚುಚ್ಚುವ ಪೈರೋಮೀಟರ್ ತೆಗೆದುಕೊಳ್ಳಿ. ಇನ್‌ಫ್ರಾರೆಡ್ ಗನ್ ಅಗ್ಗಕ್ಕೆ ಸಿಗುತ್ತದೆ, ಆದರೆ ಅದು ರಬ್ಬರ್‌ನ ಮೇಲ್ಮೈ ಬಿಸಿ ಮಾತ್ರ ತೋರಿಸುತ್ತದೆ. ಗಾಡಿ ಪಿಟ್‌ಗೆ (ಟ್ರ್ಯಾಕ್ ಪಕ್ಕದಲ್ಲಿ ಗಾಡಿ ನಿಲ್ಲಿಸಿ ಕೆಲಸ ಮಾಡುವ ಜಾಗಕ್ಕೆ) ಬರುವಷ್ಟರಲ್ಲಿ ಮೇಲ್ಮೈ ತಣ್ಣಗಾಗಿರುತ್ತದೆ. ಸೂಜಿ ರಬ್ಬರ್ ಒಳಗಿನ ಬಿಸಿ ಹೇಳುತ್ತದೆ, ಅದು ಅಷ್ಟು ಬೇಗ ಇಳಿಯುವುದಿಲ್ಲ.

ನೋಟ್‌ಬುಕ್ ಕಾಗದದ್ದೇ ಇರಲಿ. ಬಿಸಿಲಿಗೆ ಫೋನ್ ಸ್ಕ್ರೀನ್ ಕಾಣುವುದಿಲ್ಲ, ಕೈಗೆ ಗ್ರೀಸ್ ಬೇರೆ ಮೆತ್ತಿರುತ್ತದೆ.

## ಹಂತ 1: ಪ್ರಶ್ನೆ ಬರೆದುಕೊಂಡು ಹೊರಡಿ

ಫಾರ್ಮುಲಾ ಒನ್ ತಂಡಗಳಿಗೆ ಮಾಮೂಲಿ ವಾರಾಂತ್ಯದಲ್ಲಿ 60 ನಿಮಿಷದ ಮೂರು ಪ್ರಾಕ್ಟೀಸ್ ಸಿಗುತ್ತವೆ. ಸ್ಪ್ರಿಂಟ್ ಅನ್ನುವ ಹೆಚ್ಚುವರಿ ಚಿಕ್ಕ ರೇಸ್ ಇರುವ ವಾರ ಒಂದೇ ಒಂದು. ನಮ್ಮ ಬೆಂಗಳೂರಿನ ಹುಡುಗ ಕುಶ್ ಮೈನಿ ಓಡಿಸಿದ, ಫಾರ್ಮುಲಾ ಒನ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ 2ರಲ್ಲಿ ಇಡೀ ವಾರಾಂತ್ಯಕ್ಕೆ ಸಿಗುವುದು 45 ನಿಮಿಷದ ಒಂದೇ ಪ್ರಾಕ್ಟೀಸ್. ಹಾಗಾಗಿ ಅಲ್ಲಿ ಯಾರೂ "ಹೋಗಿ ನೋಡೋಣ" ಅಂತ ಗಾಡಿ ಹೊರಗೆ ಬಿಡುವುದಿಲ್ಲ. ಯಾವ ನಿಮಿಷಕ್ಕೆ ಹೊರಗೆ, ಎಷ್ಟು ಲ್ಯಾಪ್, ಎಷ್ಟು ಪೆಟ್ರೋಲ್, ಯಾವ ಟೈರ್, ಏನು ತಿಳಿಯಬೇಕು ಎಲ್ಲವೂ ಮೊದಲೇ ಬರೆದಿರುತ್ತದೆ. ಅದಕ್ಕೆ ರನ್ ಪ್ಲಾನ್ ಅನ್ನುತ್ತಾರೆ.

ನಮಗೂ ಅದೇ ಬೇಕು, ಒಂದು ಹಾಳೆಯಷ್ಟು. ಮೂರು ಪ್ರಶ್ನೆ ಸಾಕು. ಗಾಡಿ ಗಟ್ಟಿಯಾಗಿದೆಯಾ? ಬಿಸಿಯಾದ ಮೇಲೆ ಟೈರ್ ಗಾಳಿ ಎಲ್ಲಿಗೆ ನಿಲ್ಲುತ್ತದೆ? ರೇಸ್‌ನಷ್ಟು ದೂರ ಓಡಿದರೆ ಏನು ಮೊದಲು ಸೋಲುತ್ತದೆ? "ಎಷ್ಟು ಫಾಸ್ಟ್ ಹೋಗಬಹುದು" ಅನ್ನುವುದು ಈ ಪಟ್ಟಿಯಲ್ಲಿ ಇಲ್ಲ. ಅದಕ್ಕೆ ಕ್ವಾಲಿಫೈಯಿಂಗ್ ಇದೆ, ಅಂದರೆ ರೇಸ್‌ನಲ್ಲಿ ಯಾರು ಯಾವ ಸ್ಥಾನದಿಂದ ಹೊರಡಬೇಕು ಅಂತ ನಿರ್ಧರಿಸುವ ಸೆಷನ್.

ನಮ್ಮ ಪ್ಲಾನ್ ಹೀಗಿರುತ್ತದೆ. ಮೊದಲ ಸೆಷನ್‌ನಲ್ಲಿ ಎರಡು ನಿಧಾನ ಲ್ಯಾಪ್, ಪಿಟ್‌ನಲ್ಲಿ ನಾಲ್ಕು ನಿಮಿಷ, ಆಮೇಲೆ ಐದು ಲ್ಯಾಪ್. ಎರಡನೇ ಸೆಷನ್‌ನಲ್ಲಿ ಎಲ್ಲೂ ನಿಲ್ಲದೆ ಎಂಟು ಲ್ಯಾಪ್. ಹೊರಗೆ ಹೋಗುವ ಲ್ಯಾಪ್, ಒಳಗೆ ಬರುವ ಲ್ಯಾಪ್ ಎರಡೂ ಈ ಲೆಕ್ಕದಲ್ಲಿ ಸೇರಿವೆ.

ಡ್ರೈವರ್‌ಗೆ ಹಾಳೆ ಓದಿಸಿ, ಬಾಯಿಂದ ಹೇಳಿಸಿ. ಸುಮ್ನೆ ತಲೆ ಆಡಿಸಿದರೆ ಸಾಲದು. ಹೆಲ್ಮೆಟ್ ಹಾಕಿಕೊಂಡ ಮೇಲೆ ಅರ್ಧ ಮರೆತು ಹೋಗುತ್ತದೆ.

## ಹಂತ 2: ಬೆಂಗಳೂರಿನ ಅಂಕಿಗಳನ್ನು ಅಳಿಸಿ

ಇದು ನಮ್ಮೂರಿನ ತಂಡಗಳಿಗೇ ವಿಶೇಷವಾಗಿ ಕಾಡುವ ತಪ್ಪು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಶ್ರೀಪೆರುಂಬುದೂರು ಹೆಚ್ಚುಕಡಿಮೆ ಸಮುದ್ರಮಟ್ಟದಲ್ಲೇ ಇದೆ. ಹೊರಗಿನ ಗಾಳಿಯ ಒತ್ತಡದಲ್ಲಿ ಸುಮಾರು ಒಂದೂವರೆ ಪಿಎಸ್‌ಐ ವ್ಯತ್ಯಾಸ ಬರುತ್ತದೆ. ಗೇಜ್ ತೋರಿಸುವುದು ಒಳಗಿನ ಒತ್ತಡಕ್ಕೂ ಹೊರಗಿನ ಒತ್ತಡಕ್ಕೂ ಇರುವ ಅಂತರ. ಹಾಗಾಗಿ ಗ್ಯಾರೇಜ್‌ನಲ್ಲಿ 22 ತುಂಬಿದ ಟೈರ್, ಒಂದು ಚೂರೂ ಗಾಳಿ ಸೋರದೆ, ಅಷ್ಟೇ ಬಿಸಿಯಲ್ಲಿ ಅಲ್ಲಿ 20.5 ತೋರಿಸುತ್ತದೆ. ಎಷ್ಟೋ ಜನ ಪಂಕ್ಚರ್ ಅಂದುಕೊಂಡು ಟೈರ್ ಬಿಚ್ಚಿಸುತ್ತಾರೆ. ಕೊಯಮತ್ತೂರು ಸುಮಾರು 400 ಮೀಟರ್ ಎತ್ತರದಲ್ಲಿದೆ, ಅಲ್ಲಿ ವ್ಯತ್ಯಾಸ ಇದರ ಅರ್ಧದಷ್ಟು.

ಕಾರ್ಬ್ಯುರೇಟರ್ ಇರುವ ಕಾರ್ಟ್ ಅಥವಾ ಬೈಕ್ ಆದರೆ ಇದು ಇನ್ನೂ ದುಬಾರಿ ತಪ್ಪು. ಕೆಳಗಿನ ಊರಿನ ಗಾಳಿ ದಟ್ಟ. ಬೆಂಗಳೂರಿಗೆ ಸರಿಯಾಗಿ ಹಾಕಿದ ಜೆಟ್ (ಪೆಟ್ರೋಲ್ ಒಳಗೆ ಬಿಡುವ ಸಣ್ಣ ತೂತಿನ ತುಂಡು) ಅಲ್ಲಿ ಪೆಟ್ರೋಲ್ ಸಾಲದಂತೆ ಮಾಡುತ್ತದೆ. ಎಂಜಿನ್ ಚುರುಕಾಗಿದೆ ಅನಿಸುತ್ತದೆ, ಆದರೆ ಒಳಗೆ ಸುಡುತ್ತಿರುತ್ತದೆ. ಟೂ-ಸ್ಟ್ರೋಕ್‌ನಲ್ಲಿ ಪಿಸ್ಟನ್ ಜಾಮ್ ಆಗುವುದು ಹೀಗೇ. ಮೊದಲು ಒಂದು ಸೈಜ್ ದೊಡ್ಡ ಜೆಟ್ ಹಾಕಿ. ಓಡಿಸಿದ ಮೇಲೆ ಸ್ಪಾರ್ಕ್ ಪ್ಲಗ್ ತೆಗೆದು ನೋಡಿ. ಕಾಫಿ ಬಣ್ಣ ಇದ್ದರೆ ಸರಿ, ಬಿಳಿಚಿಕೊಂಡಿದ್ದರೆ ಇನ್ನೂ ಪೆಟ್ರೋಲ್ ಸಾಲುತ್ತಿಲ್ಲ. ಫ್ಯುಯೆಲ್ ಇಂಜೆಕ್ಷನ್ ಗಾಡಿ ಇದನ್ನು ತಾನೇ ಸರಿಮಾಡಿಕೊಳ್ಳುತ್ತದೆ.

ದೊಡ್ಡ ತಂಡಗಳಿಗೂ ಇದೇ ತಲೆನೋವು, ದಿಕ್ಕು ಮಾತ್ರ ಉಲ್ಟಾ. ಮೆಕ್ಸಿಕೋ ಸಿಟಿ 2,200 ಮೀಟರ್‌ಗಿಂತ ಎತ್ತರದಲ್ಲಿದೆ, ಗಾಳಿ ತೆಳು. ಎಂಜಿನ್ ಮತ್ತು ಬ್ರೇಕ್ ತಣ್ಣಗಾಗುವುದಿಲ್ಲ. ಅಲ್ಲಿನ ಪ್ರಾಕ್ಟೀಸ್‌ನ ದೊಡ್ಡ ಪಾಲು ಬಿಸಿ ನೋಡುವುದರಲ್ಲೇ ಹೋಗುತ್ತದೆ.

## ಹಂತ 3: ಮೊದಲ ಎರಡು ಲ್ಯಾಪ್, ಮತ್ತೆ ಪಿಟ್‌ಗೆ

ಹೊರಗೆ ಹೋಗಿ ಒಂದು ಸುತ್ತು, ಮರುಸುತ್ತಿಗೆ ನೇರ ಒಳಗೆ. ಡ್ರೈವರ್‌ಗೆ ಇದು ಇಷ್ಟವಾಗುವುದಿಲ್ಲ. ಉಳಿದ ಗಾಡಿಗಳು ಸುತ್ತುತ್ತಿರುವಾಗ ತಾನು ಪಿಟ್‌ನಲ್ಲಿ ನಿಂತಿದ್ದೇನಲ್ಲ ಅನ್ನುವ ಸಂಕಟ. ಆದರೂ ಬರಲೇಬೇಕು. ವರ್ಷಕ್ಕೆ ಕೋಟಿಗಟ್ಟಲೆ ಡಾಲರ್ ಸುರಿಯುವ ತಂಡಗಳೂ ಶುಕ್ರವಾರ ಮೊದಲು ಮಾಡುವುದು ಇದನ್ನೇ.

ಈ ಎರಡು ಲ್ಯಾಪ್‌ನಲ್ಲಿ ಡ್ರೈವರ್ ಪ್ರತಿಯೊಂದು ಗೇರ್ ಹಾಕಿ ನೋಡಬೇಕು. ನೇರ ದಾರಿಯಲ್ಲಿ ಬ್ರೇಕ್ ಮೂರ್ನಾಲ್ಕು ಸಲ ಹದವಾಗಿ ಒತ್ತಿ ನೋಡಬೇಕು. ಮೀಟರ್‌ನಲ್ಲಿ ಆಯಿಲ್ ಪ್ರೆಶರ್, ನೀರಿನ ಬಿಸಿ ಓದಬೇಕು. ಧ್ವಜ ಹಿಡಿಯುವ ಮಾರ್ಷಲ್‌ಗಳು ಎಲ್ಲೆಲ್ಲಿ ನಿಂತಿದ್ದಾರೆ ಅಂತ ಗುರುತಿಟ್ಟುಕೊಳ್ಳಬೇಕು. ಕಪ್ಪು ಬಣ್ಣದ ನಡುವೆ ಕಿತ್ತಳೆ ವೃತ್ತ ಇರುವ ಧ್ವಜವನ್ನು ನಿಮ್ಮ ನಂಬರ್ ಜೊತೆ ತೋರಿಸಿದರೆ, ಗಾಡಿಯಲ್ಲಿ ಏನೋ ಅಪಾಯ ಇದೆ, ಒಳಗೆ ಬಾ ಅಂತ ಅರ್ಥ. ಹೊಸ ಡ್ರೈವರ್‌ಗಳು ಇದನ್ನು ಮರೆತು ಆಯಿಲ್ ಚೆಲ್ಲುತ್ತಾ ಸುತ್ತು ಹೊಡೆಯುವುದನ್ನು ನೋಡಿದ್ದೇನೆ.

ಪಿಟ್‌ನಲ್ಲಿ ನಾಲ್ಕು ನಿಮಿಷ. ಬಾನೆಟ್ ಎತ್ತಿ ಸೋರಿಕೆ ನೋಡಿ. ಗಾಡಿಯ ಅಡಿಗೆ ಟಾರ್ಚ್ ಬಿಡಿ. ವೀಲ್ ನಟ್‌ಗಳನ್ನು ಟಾರ್ಕ್ ರೆಂಚ್‌ನಿಂದ ಮತ್ತೆ ಬಿಗಿ ನೋಡಿ. ಬೆಳಿಗ್ಗೆ ಬಿಗಿ ಮಾಡಿದ್ದೇ ಅಲ್ವಾ ಅನ್ನಬೇಡಿ. ಮೊದಲ ಸಲ ಓಡಿ ಬಿಸಿಯಾದ ಮೇಲೆ ಅವು ಸಡಿಲ ಬಿಡುವುದುಂಟು. ಬಿಗಿ ನೋಡಿದ ನಟ್ ಮೇಲೆ ಪೇಂಟ್ ಮಾರ್ಕರ್‌ನಿಂದ ನಟ್‌ನಿಂದ ವೀಲ್‌ವರೆಗೆ ಒಂದು ಗೆರೆ ಎಳೆಯಿರಿ. ಮುಂದಿನ ಸಲ ಗೆರೆ ತುಂಡಾಗಿದ್ದರೆ ನಟ್ ತಿರುಗಿದೆ ಅಂತ ದೂರದಿಂದಲೇ ಕಾಣುತ್ತದೆ.

ಇಲ್ಲಿನ ದೊಡ್ಡ ತಪ್ಪು: ಗಾಡಿ ನಿಲ್ಲಿಸಿದ ಕೂಡಲೇ ಹ್ಯಾಂಡ್‌ಬ್ರೇಕ್ ಎಳೆಯುವುದು. ಊರಲ್ಲಿ ಓಡಿಸಿದ ಅಭ್ಯಾಸ, ಕೈ ತಾನಾಗೇ ಹೋಗುತ್ತದೆ. ಬಿಸಿ ಬ್ರೇಕ್ ಹಿಡಿದು ನಿಂತರೆ ಪ್ಯಾಡ್ ಅಂಟುತ್ತದೆ, ಡಿಸ್ಕ್‌ನಲ್ಲಿ ಒಂದೇ ಜಾಗ ಬಿಸಿ ಉಳಿದು ಆಮೇಲೆ ಬ್ರೇಕ್ ಒತ್ತಿದಾಗಲೆಲ್ಲ ಪೆಡಲ್ ನಡುಗುತ್ತದೆ. ನಾವು ಹ್ಯಾಂಡ್‌ಬ್ರೇಕ್ ಲಿವರ್‌ಗೆ ಕೆಂಪು ಟೇಪ್ ಸುತ್ತಿದ್ದೇವೆ. ಗೇರ್‌ನಲ್ಲಿ ಬಿಟ್ಟು ಚಕ್ರಕ್ಕೆ ಮರದ ತುಂಡು ಕೊಡಿ, ಅಷ್ಟೇ.

## ಹಂತ 4: ಟೈರ್ ಗಾಳಿ

ಇಡೀ ದಿನದಲ್ಲಿ ಇದೊಂದು ಸರಿಯಾಗಿ ಮಾಡಿದರೂ ಅರ್ಧ ಕೆಲಸ ಮುಗಿದಂತೆ. ಇಲ್ಲಿ ನಿಧಾನವಾಗಿ ಓದಿ.

ಟೈರ್ ಬಿಸಿಯಾದಂತೆ ಒಳಗಿನ ಗಾಳಿ ಹಿಗ್ಗುತ್ತದೆ. ಗಾಡಿ ಹಿಡಿತ ಕೊಡುವುದು ಬಿಸಿ ಗಾಳಿಯ ಅಂಕಿಯಲ್ಲಿ. ತುಂಬುವುದು ಮಾತ್ರ ತಣ್ಣಗಿರುವಾಗ. ಹಾಗಾಗಿ ಹಿಂದಿನಿಂದ ಲೆಕ್ಕ ಮಾಡಬೇಕು: ಬಿಸಿಯಲ್ಲಿ ಎಷ್ಟು ಬೇಕು, ಅದಕ್ಕೆ ತಣ್ಣಗಿರುವಾಗ ಎಷ್ಟಿರಬೇಕು. ಬೆಳಿಗ್ಗೆ 28 ಡಿಗ್ರಿಯಲ್ಲಿ 22 ತುಂಬಿದ್ದೀರಿ ಅಂದುಕೊಳ್ಳಿ. ಒಳಗಿನ ಗಾಳಿ 70 ಡಿಗ್ರಿಗೆ ಏರಿದರೆ ಗೇಜ್ ಸುಮಾರು 27 ತೋರಿಸುತ್ತದೆ. ಬಾಯಿಲೆಕ್ಕಕ್ಕೆ, ಐದಾರು ಡಿಗ್ರಿ ಏರಿದರೆ ಮುಕ್ಕಾಲು ಪಿಎಸ್‌ಐನಷ್ಟು ಏರುತ್ತದೆ ಅಂತ ಇಟ್ಟುಕೊಳ್ಳಿ.

ಮೊದಲ ಸೆಷನ್‌ನ ಐದು ಲ್ಯಾಪ್ ಮುಗಿಸಿ ಗಾಡಿ ಬಂದ ತಕ್ಷಣ ಅಳೆಯಿರಿ. ಡ್ರೈವರ್ ಇಳಿಯುವವರೆಗೂ ಕಾಯಬೇಡಿ. ಪ್ರತಿ ಸಲ ಒಂದೇ ಕ್ರಮದಲ್ಲಿ ಹೋಗಿ. ಗಡಿಯಾರದ ದಿಕ್ಕಿನಲ್ಲಿ ಸುತ್ತುವ ಟ್ರ್ಯಾಕ್‌ನಲ್ಲಿ ಎಡಗಡೆ ಟೈರ್‌ಗಳಿಗೆ ಭಾರ ಜಾಸ್ತಿ, ಆದ್ದರಿಂದ ಎಡ ಮುಂದಿನದರಿಂದ ಶುರು ಮಾಡಿ. ಒಂದೊಂದು ಟೈರ್‌ಗೂ ನಾಲ್ಕು ಅಂಕಿ: ಗಾಳಿ, ಮತ್ತೆ ಒಳ ಅಂಚು, ನಡು, ಹೊರ ಅಂಚಿನ ಬಿಸಿ.

ಅಂಕಿ ಓದುವುದು ಕಷ್ಟವಲ್ಲ. ನಡು ಹೆಚ್ಚು ಬಿಸಿ ಇದ್ದರೆ ಗಾಳಿ ಜಾಸ್ತಿ. ಎರಡೂ ಅಂಚು ಬಿಸಿ ಇದ್ದು ನಡು ತಂಪಾಗಿದ್ದರೆ ಗಾಳಿ ಕಮ್ಮಿ. ಹೊರ ಅಂಚು ಮಾತ್ರ ಸುಡುತ್ತಿದ್ದರೆ ತಿರುವಿನಲ್ಲಿ ಟೈರ್ ಹೊರಕ್ಕೆ ಮಗುಚುತ್ತಿದೆ, ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೆ ವಾಲಿರುವ ಓರೆ) ಸಾಲದು. ಒಳ ಅಂಚು ಸ್ವಲ್ಪ ಹೆಚ್ಚು ಬಿಸಿ ಇರುವುದು ರೇಸ್ ಗಾಡಿಗೆ ಸಹಜ. ಹೆದರಬೇಡಿ.

ಪೈರೋಮೀಟರ್ ಇಲ್ಲವಾ? ಶೂ ಪಾಲಿಶ್ ಇಲ್ಲಿಗೆ ಬಂತು. ಹೊರಡುವ ಮುಂಚೆ ಟೈರ್‌ನ ಭುಜದ ಮೇಲೆ, ಅಂದರೆ ನೆಲ ಮುಟ್ಟುವ ರಬ್ಬರ್ ಮುಗಿದು ಪಕ್ಕದ ಗೋಡೆ ಶುರುವಾಗುವ ಕಡೆ, ಅಡ್ಡಕ್ಕೆ ಒಂದು ಬಿಳಿ ಪಟ್ಟಿ ಬಳಿಯಿರಿ. ಓಡಿ ಬಂದ ಮೇಲೆ ಪಟ್ಟಿ ಎಲ್ಲಿಯವರೆಗೆ ಅಳಿಸಿದೆಯೋ ಅಲ್ಲಿಯವರೆಗೆ ಟೈರ್ ನೆಲ ಮುಟ್ಟಿದೆ. ಪಕ್ಕದ ಗೋಡೆಯ ಮೇಲೂ ಅಳಿಸಿದ್ದರೆ ಗಾಳಿ ಕಮ್ಮಿ. ಭುಜದವರೆಗೂ ಬರದೆ ಪಟ್ಟಿ ಹಾಗೇ ಉಳಿದಿದ್ದರೆ ಜಾಸ್ತಿ. ಅಗ್ಗದ ಸಾಧನ, ನಾನಂತೂ ಪೈರೋಮೀಟರ್ ಇದ್ದರೂ ಬಳಿಯುತ್ತೇನೆ.

ಬಿಸಿಲಿನ ಮೋಸ. ಇದು ನಮ್ಮ ತಂಡಕ್ಕೆ ಒಂದು ರೇಸ್ ಕಳೆದುಕೊಟ್ಟ ತಪ್ಪು. ಬೆಳಿಗ್ಗೆ 22 ಹಾಕಿ ಎಲ್ಲ ಚೆನ್ನಾಗಿತ್ತು. ಮಧ್ಯಾಹ್ನ ಎರಡು ಗಂಟೆಗೆ ರೇಸ್. ಗಾಡಿ ಬಯಲಲ್ಲಿ ನಿಂತಿತ್ತು, ಎಡಗಡೆಗೆ ಬಿಸಿಲು, ಬಲಗಡೆಗೆ ಟೆಂಟ್‌ನ ನೆರಳು. ನಾನು ಗೇಜ್ ಹಿಡಿದರೆ ಎಡಗಡೆ 24, ಬಲಗಡೆ 22.5. "ಎಡಗಡೆ ಜಾಸ್ತಿ ಆಗಿದೆ" ಅಂತ ಎರಡು ಪಿಎಸ್‌ಐ ಬಿಟ್ಟೆ. ನಿಜಕ್ಕೂ ಏನೂ ಜಾಸ್ತಿ ಆಗಿರಲಿಲ್ಲ, ಬಿಸಿಲಿಗೆ ಟೈರ್ 45 ಡಿಗ್ರಿ ಕಾದಿತ್ತು ಅಷ್ಟೇ. ನಾನು 22ಕ್ಕೆ ಇಳಿಸಿದ್ದು ಬೆಳಗಿನ ಲೆಕ್ಕದಲ್ಲಿ 20. ಅದೂ ಭಾರ ಹೊರುವ ಎಡಗಡೆ. ಐದನೇ ಲ್ಯಾಪ್‌ಗೆ ಎಡ ಮುಂದಿನ ಟೈರ್‌ನ ಅಂಚು ಕಿತ್ತು ಬಂದಿತ್ತು.

ಈಗ ಟೈರ್‌ಗಳಿಗೆ ಟಾರ್ಪಲ್ ಮುಚ್ಚುತ್ತೇವೆ. ಗಾಳಿ ನೋಡುವ ಮುಂಚೆ ರಬ್ಬರ್ ಎಷ್ಟು ಬಿಸಿ ಇದೆ ಅಂತ ಮೊದಲು ಬರೆಯುತ್ತೇವೆ. ಬಿಸಿ ಬರೆಯದ ಗಾಳಿಯ ಅಂಕಿ ನೋಟ್‌ಬುಕ್‌ನಲ್ಲಿ ಇದ್ದೂ ಪ್ರಯೋಜನವಿಲ್ಲ.

## ಹಂತ 5: ಮೊದಲು ಡ್ರೈವರ್ ಮಾತು, ಆಮೇಲೆ ಟೈಮ್ ಶೀಟ್

ಡ್ರೈವರ್ ಇಳಿದ ಕೂಡಲೇ ಫೋನ್ ಕೈಗೆ ಕೊಡಬೇಡಿ. ಟೈಮ್ ನೋಡಿದ ಮೇಲೆ ನೆನಪು ಬದಲಾಗುತ್ತದೆ. ಟೈಮ್ ಚೆನ್ನಾಗಿದ್ದರೆ "ಗಾಡಿ ಸೂಪರ್", ಕೆಟ್ಟದ್ದಿದ್ದರೆ ಎಲ್ಲ ತಿರುವಿನಲ್ಲೂ ತೊಂದರೆ. ನೀರು ಕೊಡಿ, ಟ್ರ್ಯಾಕ್‌ನ ನಕ್ಷೆ ಮುಂದೆ ಇಡಿ, ಕೇಳಿ. ನಮ್ಮಲ್ಲಿ ಒಮ್ಮೆ ಮಾತು ಹೀಗೆ ಹೋಯಿತು.

"ಹೇಗಿತ್ತು?"

"ಅಂಡರ್‌ಸ್ಟಿಯರ್ ಅಣ್ಣ. ಮುಂದೆ ಹಿಡಿತಾನೇ ಇಲ್ಲ."

"ಎಲ್ಲಿ?"

"ಎಲ್ಲಾ ಕಡೆ."

"ಎಲ್ಲಾ ಕಡೆ ಅಂದ್ರೆ ನಾನೇನು ಬರ್ಕೊಳ್ಳಲಿ? ಒಂದು ತಿರುವು ಹೇಳು."

"ನೇರ ದಾರಿ ಮುಗಿದ ಮೇಲಿನ ಬಲ ತಿರುವು."

"ಬ್ರೇಕ್ ಹಿಡಿದಿರುವಾಗಲಾ, ಬಿಟ್ಟ ಮೇಲಾ, ಆಕ್ಸಿಲರೇಟರ್ ಕೊಟ್ಟ ಮೇಲಾ?"

ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೈಯಲ್ಲೇ ಸ್ಟೀರಿಂಗ್ ತಿರುಗಿಸಿದ. "ತಿರುಗುವಾಗ ಸರಿಯಾಗೇ ಇತ್ತು. ಆಕ್ಸಿಲರೇಟರ್ ಕೊಟ್ಟ ತಕ್ಷಣ ಮೂತಿ ಹೊರಗೆ ಎಳೀತು."

ಅಲ್ಲಿಗೆ ವಿಷಯ ತಿಳಿಯಿತು. ಮುಂದಿನ ಚಕ್ರ ಎಳೆಯುವ ಗಾಡಿ ಅದು. ಸ್ಟೀರಿಂಗ್ ಪೂರ್ತಿ ತಿರುಗಿರುವಾಗಲೇ ಆಕ್ಸಿಲರೇಟರ್ ತುಳಿದರೆ ಯಾವ ಟೈರ್ ಇದ್ದರೂ ಮೂತಿ ಹೊರಗೆ ಹೋಗುತ್ತದೆ. ಸ್ಪ್ರಿಂಗ್ ಬದಲಾಯಿಸಲು ಜ್ಯಾಕ್ ಹಾಕಿದ್ದ ಮೆಕ್ಯಾನಿಕ್ ಜ್ಯಾಕ್ ಇಳಿಸಿದರು. ಡ್ರೈವರ್ ಮುಂದಿನ ಸೆಷನ್‌ನಲ್ಲಿ ಒಂದು ಚಿಟಿಕೆ ಹೊಡೆಯುವಷ್ಟು ತಡವಾಗಿ ತುಳಿದ. ಅರ್ಧ ಗಂಟೆ ಕೆಲಸ ಉಳಿಯಿತು.

ಹೀಗೆ ಪ್ರತಿ ತಿರುವನ್ನೂ ಮೂರು ತುಂಡು ಮಾಡಿ ಕೇಳಿ: ಒಳಗೆ ಹೋಗುವಾಗ, ನಡುವೆ, ಹೊರಗೆ ಬರುವಾಗ. ತಾಂತ್ರಿಕ ಪದ ಬೇಡ. "ಮುಂದೆ ಜಾರ್ತು", "ಹಿಂದೆ ಕಿತ್ಕೊಂಡು ಬಂತು" ಅಂದರೆ ಸಾಕು. ಎಲ್ಲ ಬರೆದಾದ ಮೇಲೆ ಟೈಮ್ ಶೀಟ್ ತೆಗೆಯಿರಿ.

## ಹಂತ 6: ಒಂದು ಸಲಕ್ಕೆ ಒಂದೇ ಬದಲಾವಣೆ

ಎರಡು ಸೆಷನ್ ನಡುವೆ ಸಮಯ ಸಿಕ್ಕಿದೆ ಅಂತ ಮುಂದಿನ ಗಾಳಿ ಇಳಿಸಿ, ಹಿಂದಿನ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಎರಡು ಕ್ಲಿಕ್ ಬಿಗಿ ಮಾಡಿ, ಕ್ಯಾಂಬರ್ ಕೂಡ ಮುಟ್ಟಿದರೆ ಏನಾಗುತ್ತದೆ? ಗಾಡಿ ಚೆನ್ನಾದರೆ ಯಾವುದರಿಂದ ಆಯಿತು ಗೊತ್ತಾಗುವುದಿಲ್ಲ. ಕೆಟ್ಟರೆ ಯಾವುದನ್ನು ವಾಪಸ್ ಮಾಡಬೇಕು ಗೊತ್ತಾಗುವುದಿಲ್ಲ. ಗಾಳಿಯನ್ನು ಗುರಿಗೆ ತರುವುದನ್ನು ಬದಲಾವಣೆ ಅಂತ ಎಣಿಸಬೇಡಿ, ಅದು ಮಾಡಲೇಬೇಕಾದ್ದು. ಅದರ ಮೇಲೆ ಒಂದೇ ಒಂದು.

ಎಲ್ಲಿಂದ ಶುರು ಮಾಡಬೇಕು ಅಂದರೆ ಬೇಗ ವಾಪಸ್ ಮಾಡಬಹುದಾದ್ದರಿಂದ. ಮೊದಲು ಡ್ಯಾಂಪರ್ ಕ್ಲಿಕ್, ಆಮೇಲೆ ಆಂಟಿ-ರೋಲ್ ಬಾರ್ (ತಿರುವಿನಲ್ಲಿ ಗಾಡಿ ಪಕ್ಕಕ್ಕೆ ವಾಲದಂತೆ ತಡೆಯುವ ಸರಳು), ಕೊನೆಗೆ ಕ್ಯಾಂಬರ್ ಮತ್ತು ಸ್ಪ್ರಿಂಗ್. ಮುಂದೆ ಜಾರುತ್ತಿದ್ದರೆ ಮುಂದಿನ ಆಂಟಿ-ರೋಲ್ ಬಾರ್ ಮೆತ್ತಗೆ ಮಾಡಿ ಅಥವಾ ಹಿಂದಿನದನ್ನು ಬಿಗಿ ಮಾಡಿ. ಹಿಂದೆ ಜಾರಿದರೆ ಇದರ ಉಲ್ಟಾ. ಬದಲಾವಣೆ ಕಣ್ಣಿಗೆ ಕಾಣುವಷ್ಟು ದೊಡ್ಡದಿರಲಿ. ಅರ್ಧ ಕ್ಲಿಕ್ ತಿರುಗಿಸಿ ಡ್ರೈವರ್ ಮುಖ ನೋಡಿದರೆ ಅವನೂ ಊಹೆ ಮಾಡುತ್ತಾನೆ.

ಇನ್ನೊಂದು ಮೋಸ ಇದೆ. ಟ್ರ್ಯಾಕ್ ತಾನೇ ಬದಲಾಗುತ್ತಿರುತ್ತದೆ. ಬೆಳಿಗ್ಗೆ ಧೂಳು ತುಂಬಿರುತ್ತದೆ. ಗಾಡಿಗಳು ಓಡಿದಂತೆ ರಬ್ಬರ್ ಕೂತು ಹಿಡಿತ ಏರುತ್ತದೆ. ರಾತ್ರಿ ಮಳೆ ಬಂದರೆ ಆ ರಬ್ಬರ್ ತೊಳೆದು ಹೋಗುತ್ತದೆ. ಹಾಗಾಗಿ ಎರಡನೇ ಸೆಷನ್‌ನಲ್ಲಿ ಒಂದು ಸೆಕೆಂಡ್ ಫಾಸ್ಟ್ ಆದರೆ ಅದು ನಿಮ್ಮ ಡ್ಯಾಂಪರ್ ಕೆಲಸ ಅಂದುಕೊಳ್ಳಬೇಡಿ. ಏನೂ ಮುಟ್ಟದ ಪಕ್ಕದ ತಂಡ ಎಷ್ಟು ಫಾಸ್ಟ್ ಆಯಿತು ಕೇಳಿ. ಅವರೂ ಒಂದು ಸೆಕೆಂಡ್ ಗಳಿಸಿದ್ದರೆ ನೀವು ಗಳಿಸಿದ್ದು ಸೊನ್ನೆ. ಮೂರನೇ ಸೆಷನ್ ಸಿಕ್ಕರೆ ಬದಲಾವಣೆಯನ್ನು ವಾಪಸ್ ಮಾಡಿ ನೋಡುವುದು ಇನ್ನೂ ಒಳ್ಳೆಯದು.

ಫಾರ್ಮುಲಾ ಒನ್‌ನಲ್ಲಿ ಎರಡು ಗಾಡಿ ಇರುವುದರಿಂದ ಒಂದಕ್ಕೆ ಹಳೆಯ ಭಾಗ, ಇನ್ನೊಂದಕ್ಕೆ ಹೊಸ ಭಾಗ ಹಾಕಿ ಹೋಲಿಸಬಹುದು. ಶುಕ್ರವಾರ ಗಾಡಿಯ ಮೈಮೇಲೆ ಹಸಿರು, ಹಳದಿ ಬಣ್ಣ ಬಳಿದಿರುತ್ತಾರಲ್ಲ, ಅದು ಎಣ್ಣೆಯಲ್ಲಿ ಕಲಸಿದ ಹೊಳೆಯುವ ಪುಡಿ. ಗಾಳಿ ಹರಿದ ದಾರಿಯನ್ನು ಅದು ಗೆರೆಯಂತೆ ತೋರಿಸುತ್ತದೆ. ನಮ್ಮ ಶೂ ಪಾಲಿಶ್‌ನ ಶ್ರೀಮಂತ ನೆಂಟ.

## ಹಂತ 7: ಎಂಟು ಲ್ಯಾಪ್ ಲಾಂಗ್ ರನ್

ಎರಡನೇ ಸೆಷನ್ ಪೂರ್ತಿ ಇದಕ್ಕೇ. ರೇಸ್ ಶುರುವಾಗುವಾಗ ಎಷ್ಟು ಪೆಟ್ರೋಲ್ ಇರುತ್ತದೋ ಅಷ್ಟೇ ಹಾಕಿ. ಡ್ರೈವರ್‌ಗೆ ಒಂದೇ ಮಾತು: ಪೂರ್ತಿ ಎಂಟು ಲ್ಯಾಪ್, ಒಂದೇ ಹದ. ಮುಂದೆ ಗಾಡಿ ಸಿಕ್ಕರೆ ಜಗಳಕ್ಕೆ ಹೋಗದೆ ಜಾಗ ಬಿಡಬೇಕು.

ನೀವು ಪಿಟ್ ಗೋಡೆ ಹತ್ತಿರ ನಿಂತು ಪ್ರತಿ ಲ್ಯಾಪ್ ಬರೆಯಿರಿ. ಒಂದು ಉದಾಹರಣೆ, ಹೊರಗೆ ಹೋಗುವ ಮತ್ತು ಒಳಗೆ ಬರುವ ಲ್ಯಾಪ್ ಬಿಟ್ಟು ಉಳಿದ ಆರು. ಮೊದಲ ಗಾಡಿ: 1:58.2, 1:57.9, 1:58.6, 1:59.4, 2:00.3, 2:01.1. ಎರಡನೇ ಗಾಡಿ: 1:58.9, 1:58.7, 1:58.8, 1:58.9, 1:59.0, 1:59.2. ಟೈಮ್ ಶೀಟ್‌ನಲ್ಲಿ ಮೊದಲನೆಯದು ಮೇಲೆ ಇರುತ್ತದೆ. ಕೂಡಿಸಿ ನೋಡಿ: ಆರೇ ಲ್ಯಾಪ್‌ನಲ್ಲಿ ಎರಡನೇ ಗಾಡಿ ಎರಡು ಸೆಕೆಂಡ್ ಮುಂದಿದೆ. ಅಂತರ ಇನ್ನೂ ಏರುತ್ತಲೇ ಹೋಗುತ್ತದೆ. ನೀವು ಮೊದಲ ಗಾಡಿಯಾಗಿದ್ದರೆ ಯಾವ ಟೈರ್ ಸೋಲುತ್ತಿದೆ ಅಂತ ಹಂತ 4ರ ಅಂಕಿ ಹೇಳುತ್ತದೆ. ಮುಂದಿನ ಚಕ್ರ ಎಳೆಯುವ ಗಾಡಿಯಲ್ಲಿ ಬಹುತೇಕ ಸಲ ಮುಂದಿನದೇ. ಮೊದಲ ಎರಡು ಲ್ಯಾಪ್ ತಡೆದು ಓಡಿಸಲು ಡ್ರೈವರ್‌ಗೆ ಹೇಳಿ.

ಲಾಂಗ್ ರನ್‌ನಿಂದ ಇನ್ನೊಂದು ಅಂಕಿ ಸಿಗುತ್ತದೆ, ಪೆಟ್ರೋಲ್. ಅಳೆದು ಹಾಕಿ, ಬಂದ ಮೇಲೆ ಉಳಿದದ್ದನ್ನು ಕ್ಯಾನ್‌ಗೆ ತೆಗೆದು ಅಳೆಯಿರಿ. ಎಂಜಿನ್ ತಣ್ಣಗಾದ ಮೇಲೆ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿ ಇಟ್ಟುಕೊಂಡು. ಎಂಟು ಲ್ಯಾಪ್‌ಗೆ 10 ಲೀಟರ್ ಆಗಿದ್ದರೆ ಲ್ಯಾಪ್‌ಗೆ 1.25. ರೇಸ್ 12 ಲ್ಯಾಪ್ ಇದ್ದರೆ 15 ಲೀಟರ್. ಫಾರ್ಮೇಷನ್ ಲ್ಯಾಪ್ (ಸ್ಟಾರ್ಟ್‌ಗೆ ಮುಂಚಿನ ನಿಧಾನ ಸುತ್ತು) ಮತ್ತು ವಾಪಸ್ ಬರುವ ಲ್ಯಾಪ್‌ಗೆ ಇನ್ನೆರಡೂವರೆ. ಜೊತೆಗೆ ಎರಡು ಲೀಟರ್ ಹೆಚ್ಚಿಗೆ. ಟ್ಯಾಂಕ್ ತಳ ಮುಟ್ಟಿದಾಗ ಉದ್ದ ತಿರುವಿನಲ್ಲಿ ಪೆಟ್ರೋಲ್ ಒಂದು ಕಡೆ ಸರಿದು ಎಂಜಿನ್ ಕೆಮ್ಮುತ್ತದೆ. ಹಾಗಂತ ಟ್ಯಾಂಕ್ ತುಂಬಿಸಿಬಿಡಬೇಡಿ. ಒಂದು ಲೀಟರ್ ಪೆಟ್ರೋಲ್ ಮುಕ್ಕಾಲು ಕೆಜಿ, ಅದನ್ನು ಬ್ರೇಕ್ ನಿಲ್ಲಿಸಬೇಕು, ಟೈರ್ ಹೊರಬೇಕು.

ಇದೇ ಕಾರಣಕ್ಕೆ ಟೀವಿಯಲ್ಲಿ ಶುಕ್ರವಾರದ ಟೈಮ್ ನೋಡಿ ಭವಿಷ್ಯ ಹೇಳುವವರು ಭಾನುವಾರ ಬೆಪ್ಪಾಗುವುದು. ಫಾರ್ಮುಲಾ ಒನ್‌ನಲ್ಲಿ 10 ಕೆಜಿ ಪೆಟ್ರೋಲ್ ಲ್ಯಾಪ್‌ಗೆ ಹೆಚ್ಚುಕಡಿಮೆ 0.3 ಸೆಕೆಂಡ್ ತಿನ್ನುತ್ತದೆ. ಯಾರು ಎಷ್ಟು ತುಂಬಿಸಿದ್ದಾರೆ ಅಂತ ಯಾರೂ ಹೇಳುವುದಿಲ್ಲ. ನಿಮ್ಮ ಪಕ್ಕದ ಟೆಂಟ್‌ನವರೂ ಹೇಳುವುದಿಲ್ಲ. ಅವರ ಟೈಮ್ ನೋಡಿ ನಿಮ್ಮ ಗಾಡಿ ಬಿಚ್ಚಬೇಡಿ.

## ಹಂತ 8: ಸಮಯ ಉಳಿದರೆ

ಕ್ವಾಲಿಫೈಯಿಂಗ್ ರೀತಿಯ ಫಾಸ್ಟ್ ಲ್ಯಾಪ್ ಅಭ್ಯಾಸ ಈಗ ಮಾಡಬಹುದು, ಕಮ್ಮಿ ಪೆಟ್ರೋಲ್‌ನಲ್ಲಿ. ಸಮಯ ಇಲ್ಲದಿದ್ದರೆ ಬಿಟ್ಟುಬಿಡಿ. ಅದಕ್ಕಿಂತ ಸ್ಟಾರ್ಟ್ ಅಭ್ಯಾಸಕ್ಕೆ ಬೆಲೆ ಜಾಸ್ತಿ, ಆದರೆ ಎಲ್ಲಿ ಮಾಡಬಹುದು ಅಂತ ಡ್ರೈವರ್ಸ್ ಬ್ರೀಫಿಂಗ್‌ನಲ್ಲಿ ಕೇಳಿಕೊಳ್ಳಿ. ಒಪ್ಪಿಗೆ ಇಲ್ಲದೆ ಪಿಟ್ ಲೇನ್‌ನಲ್ಲಿ ಮಾಡಿದರೆ ದಂಡ ಖಾತ್ರಿ. ಕ್ಲಚ್‌ಗೆ ಎರಡು ಸಲ ಸಾಕು.

## ಇವು ಕಂಡರೆ ತಕ್ಷಣ ಒಳಗೆ ಕರೆಯಿರಿ

ಬ್ರೇಕ್ ಪೆಡಲ್ ಮೊದಲಿಗಿಂತ ಆಳಕ್ಕೆ ಹೋಗುತ್ತಿದೆ, ಮೆತ್ತಗಾಗಿದೆ. ಬ್ರೇಕ್ ಆಯಿಲ್ ಕುದಿಯುತ್ತಿದೆ ಅಂತ ಅರ್ಥ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿ ತಡೆಯಬೇಕು. ತೇವ ಹೀರಿಕೊಂಡ ಮೇಲೆ ಅದಕ್ಕಿರುವ ಕನಿಷ್ಠ ಮಟ್ಟ 155 ಮಾತ್ರ. ಮಳೆಗಾಲ ಪೂರ್ತಿ ಗ್ಯಾರೇಜ್‌ನಲ್ಲಿ ನಿಂತ ಗಾಡಿಯ ಆಯಿಲ್ ನಂಬಿ ಹೋಗಬೇಡಿ, ಹೊರಡುವ ವಾರ ಬದಲಾಯಿಸಿ.

ಪೆಡಲ್ ಗಟ್ಟಿಯಾಗೇ ಇದೆ, ಆದರೆ ಗಾಡಿ ನಿಲ್ಲುತ್ತಿಲ್ಲ. ಇದು ಆಯಿಲ್ ಅಲ್ಲ, ಪ್ಯಾಡ್ ಸುಟ್ಟಿದೆ. ಈ ಎರಡನ್ನೂ ಡ್ರೈವರ್ "ಬ್ರೇಕ್ ಹೋಯ್ತು" ಅಂತಲೇ ಹೇಳುತ್ತಾನೆ. ಪೆಡಲ್ ಹೇಗಿತ್ತು ಅಂತ ಕೇಳಿ.

ಉದ್ದ ತಿರುವಿನಲ್ಲಿ ಆಯಿಲ್ ಪ್ರೆಶರ್ ದೀಪ ಮಿನುಗಿತು. ಆಯಿಲ್ ಒಂದು ಪಕ್ಕಕ್ಕೆ ಸರಿದು ಪಂಪ್‌ಗೆ ಸಿಗುತ್ತಿಲ್ಲ. "ನೇರ ದಾರಿಯಲ್ಲಿ ಆರಿಹೋಯ್ತು ಬಿಡಿ" ಅನ್ನುವವರ ಎಂಜಿನ್ ಒಂದೆರಡು ಸೆಷನ್‌ನಲ್ಲಿ ಬೇರಿಂಗ್ ತಿನ್ನುತ್ತದೆ.

ನೇರ ದಾರಿಯಲ್ಲಿ ಹೊಸದಾಗಿ ನಡುಕ ಶುರುವಾದರೆ ಮೊದಲು ವೀಲ್ ನಟ್, ಆಮೇಲೆ ಟೈರ್ ನೋಡಿ.

## ಹಂತ 9: ಶನಿವಾರ ಸಂಜೆ

ಹಾಳೆಯ ಮೇಲೆ ಉಳಿಯಬೇಕಾದ್ದು ಇಷ್ಟು: ಇಷ್ಟು ಬಿಸಿಯ ರಬ್ಬರ್‌ಗೆ ಇಷ್ಟು ಗಾಳಿ, ಇಷ್ಟು ಲೀಟರ್ ಪೆಟ್ರೋಲ್, ಇಷ್ಟನೇ ಲ್ಯಾಪ್‌ನಿಂದ ಈ ಟೈರ್ ಸೋಲುತ್ತದೆ, ಬ್ರೇಕ್ ಪ್ಯಾಡ್ ಇಷ್ಟು ಮಿಲಿಮೀಟರ್ ಉಳಿದಿದೆ. ಪ್ಯಾಡ್ ಎಷ್ಟು ಸವೆಯಿತು ಅನ್ನುವುದನ್ನು ರೇಸ್ ದೂರಕ್ಕೆ ಲೆಕ್ಕ ಹಾಕಿ. ಅನುಮಾನ ಇದ್ದರೆ ಹೊಸದು ಹಾಕಿ, ಆದರೆ ರೇಸ್‌ಗೆ ಮುಂಚೆ ಅದನ್ನು ಹದ ಮಾಡಲು ಒಂದೆರಡು ಲ್ಯಾಪ್ ಬೇಕು. ಹೊಸ ಪ್ಯಾಡ್ ಹಾಕಿ ನೇರ ಗ್ರಿಡ್‌ಗೆ (ರೇಸ್ ಹೊರಡುವ ಸಾಲಿಗೆ) ಹೋಗಬೇಡಿ.

ಸಂಜೆಯ ಹೊತ್ತಿಗೆ ಯಾರಾದರೂ ಬಂದು "ಆ ತಂಡದವರು ಹಿಂದಿನ ಟೈರ್‌ಗೆ 30 ಹಾಕಿದ್ದಾರಂತೆ, ನಾವೂ ಹಾಕೋಣ" ಅನ್ನುತ್ತಾರೆ. ಪ್ರತಿ ಸಲ ಅನ್ನುತ್ತಾರೆ. ಪ್ರಾಕ್ಟೀಸ್‌ನಲ್ಲಿ ಓಡಿಸಿ ನೋಡದ ಯಾವುದೂ ರೇಸ್ ಗಾಡಿಗೆ ಹೋಗಬಾರದು. ಫಾರ್ಮುಲಾ ಒನ್‌ನಲ್ಲಿ ಇದನ್ನು ನಿಯಮವೇ ನೋಡಿಕೊಳ್ಳುತ್ತದೆ. ಕ್ವಾಲಿಫೈಯಿಂಗ್ ಶುರುವಾದ ಮೇಲೆ ಸೆಟಪ್ ಬದಲಾಯಿಸಿದರೆ ಪಿಟ್ ಲೇನ್‌ನಿಂದ ಸ್ಟಾರ್ಟ್ ಮಾಡಬೇಕು. ನಮ್ಮಲ್ಲಿ ಆ ಕೆಲಸವನ್ನು ನೋಟ್‌ಬುಕ್ ಹಿಡಿದವನೇ ಮಾಡಬೇಕು. ನಾನು ಟೂಲ್‌ಬಾಕ್ಸ್‌ಗೆ ಬೀಗ ಹಾಕಿ ಊಟಕ್ಕೆ ಹೋಗುತ್ತೇನೆ.

ರೇಸ್ ಮುಗಿದ ಮೇಲೆ ಇನ್ನೊಂದು ಕೆಲಸ ಇದೆ. ಗಾಡಿ ವಾಪಸ್ ಕೈಗೆ ಸಿಕ್ಕ ಕೂಡಲೇ ಗಾಳಿ, ಉಳಿದ ಪೆಟ್ರೋಲ್, ಪ್ಯಾಡ್ ಮೂರನ್ನೂ ಅಳೆದು ಶನಿವಾರದ ಅಂಕಿಯ ಪಕ್ಕದಲ್ಲೇ ಬರೆಯಿರಿ. ಟ್ರೇಲರ್‌ಗೆ ಹತ್ತಿಸುವ ಮುಂಚೆಯೇ ಬರೆಯಿರಿ. ಕೃಷ್ಣಗಿರಿಯಲ್ಲಿ ಊಟಕ್ಕೆ ನಿಂತಾಗ ಬರೆದರಾಯಿತು ಅಂದುಕೊಂಡರೆ, ಅಷ್ಟು ಹೊತ್ತಿಗೆ 28.5 ಎಡಗಡೆಯದ್ದಾ ಬಲಗಡೆಯದ್ದಾ ಅಂತ ಮೂವರಿಗೂ ಮೂರು ನೆನಪಿರುತ್ತದೆ.